ದೊಡ್ಡ ಟೆಲಿಸ್ಕೋಪ್ ತಂದ ಮೇಲೆ ನಕ್ಷತ್ರ ಉದ್ದ ಬರ್ತಿದೆಯಾ? ಮೈಸೂರು-ಮಂಡ್ಯದವರಿಗೆ ಒಂದು ದೋಷ ನಿವಾರಣೆ ಕೈಪಿಡಿ

80 ಎಂಎಂ ರಿಫ್ರಾಕ್ಟರ್‌ನಲ್ಲಿ (ಲೆನ್ಸಿನ ಟೆಲಿಸ್ಕೋಪ್) ಫೋಟೋಗಳು ಚೆನ್ನಾಗೇ ಬರುತ್ತಿದ್ದವು. ಆಮೇಲೆ ದುಡ್ಡು ಕೂಡಿಸಿ 8 ಇಂಚಿನ ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪ್) ತಂದಿರಿ, ಅದನ್ನು ಹೊರುವಂಥ ಹೊಸ ಇಕ್ವಟೋರಿಯಲ್ ಮೌಂಟ್ (ಆಕಾಶದ ಜೊತೆ ತಿರುಗುವ ಸ್ಟ್ಯಾಂಡ್) ಕೂಡ ತಂದಿರಿ. ಮೊದಲ ರಾತ್ರಿಯ ಫೋಟೋ ತೆರೆದರೆ ನಕ್ಷತ್ರಗಳೆಲ್ಲ ಅಕ್ಕಿಕಾಳಿನ ಹಾಗೆ ಉದ್ದುದ್ದ. ನಮ್ಮ ಕಡೆ ಈ ಹವ್ಯಾಸದಲ್ಲಿ ಇರುವವರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದೇ. ಅದರ ಜೊತೆಗೆ ಬರುವ ಇನ್ನೊಂದು ಮಾತು, "ಸಾರ್, ಮೌಂಟೇ ಡಿಫೆಕ್ಟ್ ಇರಬೇಕು, ವಾಪಸ್ ಕಳಿಸಿಬಿಡ್ಲಾ?"

ಕಳಿಸಬೇಡಿ, ಇನ್ನೂ ಬೇಡ. ಬಹುತೇಕ ಸಲ ಹೊಸ ಸಾಮಾನು ಸರಿಯಾಗೇ ಇರುತ್ತದೆ. ಮೊದಲಿನಿಂದಲೂ ಇದ್ದ ಸಣ್ಣ ತಪ್ಪುಗಳು ದೊಡ್ಡ ಟೆಲಿಸ್ಕೋಪಿನಲ್ಲಿ ಕಣ್ಣಿಗೆ ಬೀಳುತ್ತವೆ, ಅಷ್ಟೆ. ಆ ತಪ್ಪು ಎಲ್ಲಿದೆ ಎಂದು ನಕ್ಷತ್ರದ ಆಕಾರವೇ ಹೇಳುತ್ತದೆ. ಅದನ್ನು ನೋಡದೆ ಸಿಕ್ಕ ಸಿಕ್ಕ ಸ್ಕ್ರೂ ತಿರುಗಿಸಿದರೆ ಒಂದು ದೋಷ ಇದ್ದ ಕಡೆ ಮೂರು ಆಗುತ್ತದೆ.

ಮೊದಲು ಒಂದು ಲೆಕ್ಕ

ಕ್ಯಾಮೆರಾದ ಪಿಕ್ಸೆಲ್ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಳ್ಳಿ. ಅದನ್ನು 206 ರಿಂದ ಗುಣಿಸಿ, ಟೆಲಿಸ್ಕೋಪಿನ ಎಂಎಂ ಲೆಕ್ಕದ ಫೋಕಲ್ ಲೆಂಗ್ತ್‌ನಿಂದ (ಲೆನ್ಸು ಅಥವಾ ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕೆ ಇರುವ ದೂರ) ಭಾಗಿಸಿ. ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ) ಎಂದು ಸಿಗುತ್ತದೆ. 24 ಮೆಗಾಪಿಕ್ಸೆಲ್‌ನ ಸಾಮಾನ್ಯ ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಪಿಕ್ಸೆಲ್ ಸುಮಾರು 3.7 ಮೈಕ್ರಾನ್. ಹಳೇ 80 ಎಂಎಂ ಟೆಲಿಸ್ಕೋಪ್ ಎಫ್/6 ಆಗಿದ್ದರೆ, ಅಂದರೆ ಫೋಕಲ್ ಲೆಂಗ್ತ್ ಅಗಲದ ಆರು ಪಟ್ಟು ಇದ್ದರೆ, ಅದು 480 ಎಂಎಂ. ಆಗ ಒಂದು ಪಿಕ್ಸೆಲ್‌ಗೆ 1.6 ಆರ್ಕ್‌ಸೆಕೆಂಡ್. ಹೊಸ 8 ಇಂಚು ಎಫ್/5 ಅಂದರೆ 1000 ಎಂಎಂ. ಒಂದು ಪಿಕ್ಸೆಲ್‌ಗೆ 0.77 ಆರ್ಕ್‌ಸೆಕೆಂಡ್. ಮೊದಲು ಒಂದೂವರೆ ಪಿಕ್ಸೆಲ್ ಸರಿದಿದ್ದ ನಕ್ಷತ್ರ ಈಗ ಮೂರು ಪಿಕ್ಸೆಲ್ ಸರಿಯುತ್ತದೆ. ಒಂದೂವರೆ ಯಾರಿಗೂ ಕಾಣುವುದಿಲ್ಲ. ಮೂರು ಎದ್ದು ಕಾಣುತ್ತದೆ.

ಇದರ ಮೇಲೆ ತೂಕ. 8 ಇಂಚಿನ ನ್ಯೂಟೋನಿಯನ್ ಟ್ಯೂಬ್ ಒಂದೇ 9 ಕೆಜಿ ಆಸುಪಾಸು ಬರುತ್ತದೆ. ರಿಂಗು, ಕ್ಯಾಮೆರಾ, ಗೈಡ್ ಸ್ಕೋಪ್ (ನಕ್ಷತ್ರದ ಮೇಲೆ ಕಣ್ಣಿಡುವ ಪಕ್ಕದ ಸಣ್ಣ ಟೆಲಿಸ್ಕೋಪ್) ಎಲ್ಲ ಸೇರಿದರೆ 12 ಆಗುವುದು ಕಷ್ಟವಲ್ಲ. ಮೌಂಟ್ ಡಬ್ಬದ ಮೇಲೆ ಬರೆದಿರುವ ತೂಕ ಸುಮ್ನೆ ಕಣ್ಣಲ್ಲಿ ನೋಡುವುದಕ್ಕೆ. ಫೋಟೋಗೆ ಅದರ ಅರ್ಧ, ಜಾಸ್ತಿ ಎಂದರೆ ಮೂರರಲ್ಲಿ ಎರಡು ಭಾಗ. ಇನ್ನೂ ಕೊಂಡಿಲ್ಲದವರಿಗೆ ನನ್ನ ಮಾತು ಇಷ್ಟೇ: ದುಡ್ಡು ಒಂದಕ್ಕೇ ಸಾಲುವುದಾದರೆ ಮೊದಲು ಮೌಂಟ್ ಕೊಳ್ಳಿ, ಟ್ಯೂಬ್ ಮುಂದಿನ ವರ್ಷ ಬರಲಿ. ಒಳ್ಳೆ ಮೌಂಟ್ ಮೇಲೆ ಸಣ್ಣ ಟ್ಯೂಬ್ ಸುಖ ಕೊಡುತ್ತದೆ. ಸಣ್ಣ ಮೌಂಟ್ ಮೇಲೆ ದೊಡ್ಡ ಟ್ಯೂಬ್ ಯಾವತ್ತೂ ಕೊಡುವುದಿಲ್ಲ.

ಏನನ್ನೂ ಮುಟ್ಟುವ ಮೊದಲು ನಾಲ್ಕು ಫೋಟೋ

ನೆತ್ತಿಯ ಹತ್ತಿರದ ಯಾವುದಾದರೂ ನಕ್ಷತ್ರದ ಗುಂಪಿಗೆ ಟೆಲಿಸ್ಕೋಪ್ ತಿರುಗಿಸಿ. ಗೈಡಿಂಗ್ (ಗೈಡ್ ಕ್ಯಾಮೆರಾ ನೋಡಿ ಮೌಂಟನ್ನು ತಿದ್ದುವುದು) ಆಫ್ ಇರಲಿ, ಟ್ರ್ಯಾಕಿಂಗ್ (ಮೌಂಟ್ ತಾನಾಗಿ ಆಕಾಶದ ಜೊತೆ ತಿರುಗುವುದು) ಆನ್ ಇರಲಿ. 1 ಸೆಕೆಂಡ್, 5 ಸೆಕೆಂಡ್, 30 ಸೆಕೆಂಡ್, 120 ಸೆಕೆಂಡ್, ಹೀಗೆ ನಾಲ್ಕು ಫೋಟೋ ತೆಗೆಯಿರಿ. ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಝೂಮ್ ಮಾಡಿ ನಡುಭಾಗ ಮತ್ತು ನಾಲ್ಕು ಮೂಲೆ ನೋಡಿ.

1 ಸೆಕೆಂಡಿನ ಫೋಟೋದಲ್ಲೇ ನಕ್ಷತ್ರ ಕೆಟ್ಟಿದೆಯಾ? ಹಾಗಾದರೆ ಮೌಂಟ್ ಮೇಲೆ ತಪ್ಪು ಹೊರಿಸಬೇಡಿ. ದೋಷ ಕನ್ನಡಿ, ಫೋಕಸ್, ಇಲ್ಲವೇ ಅಲುಗಾಟದ್ದು. 1 ಮತ್ತು 5 ಸೆಕೆಂಡಿಗೆ ಗುಂಡಗಿದ್ದು, 30ಕ್ಕೆ ಮೊಟ್ಟೆಯಾಗಿ, 120ಕ್ಕೆ ಗೆರೆಯಾದರೆ ಅದು ಟ್ರ್ಯಾಕಿಂಗ್ ದೋಷ. ಇಷ್ಟನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು ವಿಷಯ ನೋಡಿ. ಇಡೀ ಫೋಟೋದಲ್ಲಿ ಎಲ್ಲ ನಕ್ಷತ್ರವೂ ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಟ್ರ್ಯಾಕಿಂಗ್. ಮೂಲೆಗಳಲ್ಲಿ ಮಾತ್ರ, ನಡುವಿನಿಂದ ಆಚೆಗೆ ಬಾಲ ಬಂದಿದ್ದರೆ ಕೋಮಾ, ಅಂದರೆ ಬಾಗಿದ ಕನ್ನಡಿಯ ಸಹಜ ದೋಷ. ಒಂದೇ ಬದಿ ಕೆಟ್ಟು ಎದುರು ಬದಿ ಚೆನ್ನಾಗಿದ್ದರೆ ಕ್ಯಾಮೆರಾ ವಾರೆಯಾಗಿ ಕೂತಿದೆ, ಇಲ್ಲವೇ ಫೋಕಸರ್ (ಕ್ಯಾಮೆರಾ ಕೂರುವ, ಫೋಕಸ್ ಹೊಂದಿಸುವ ಕೊಳವೆ) ಜಗ್ಗಿದೆ. ಒಂದು ಬಿಂದುವಿನ ಸುತ್ತ ಎಲ್ಲವೂ ಸಣ್ಣ ಸಣ್ಣ ಕಮಾನಿನ ಹಾಗೆ ತಿರುಗಿದ್ದರೆ ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ನೇರ ಮಾಡುವುದು) ತಪ್ಪಿದೆ.

1 ಸೆಕೆಂಡಿಗೇ ಕೆಟ್ಟಿದ್ದರೆ

ಎಫ್/5 ನ್ಯೂಟೋನಿಯನ್‌ಗೆ ಕಾಲಿಮೇಷನ್ (ಕನ್ನಡಿಗಳು ಒಂದಕ್ಕೊಂದು ನೇರ ಇರುವುದು) ಪ್ರತಿ ಸಲ ನೋಡಲೇಬೇಕು. ಮೈಸೂರಿನಿಂದ ಮೇಲುಕೋಟೆಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದರೂ ಕನ್ನಡಿ ಸ್ವಲ್ಪ ಸರಿದಿರುತ್ತದೆ. ಲೇಸರ್ ಕಾಲಿಮೇಟರ್ ಇದ್ದರೆ ಅದನ್ನೇ ಮೊದಲು ಪರೀಕ್ಷಿಸಿ. ಫೋಕಸರ್‌ನಲ್ಲಿ ಇಟ್ಟು ಅದನ್ನೇ ಸುತ್ತ ತಿರುಗಿಸಿ. ಕನ್ನಡಿಯ ಮೇಲಿನ ಕೆಂಪು ಚುಕ್ಕೆ ಒಂದೇ ಕಡೆ ನಿಂತರೆ ಸರಿ. ವೃತ್ತ ಬರೆದರೆ ಲೇಸರೇ ತಪ್ಪು, ಅದನ್ನು ನಂಬಿ ಕನ್ನಡಿ ತಿರುಗಿಸಿದರೆ ಇನ್ನೂ ಕೆಡುತ್ತದೆ.

ನಕ್ಷತ್ರ ಮೂರು ಮೂಲೆಯಾಗಿ ಕಂಡರೆ ಮುಖ್ಯ ಕನ್ನಡಿಯ ಕ್ಲಿಪ್‌ಗಳು ಬಿಗಿಯಾಗಿವೆ. ಕ್ಲಿಪ್ ಮತ್ತು ಗಾಜಿನ ನಡುವೆ ಒಂದು ಕಾಗದ ನುಸುಳುವಷ್ಟು ಸಡಿಲ ಇರಬೇಕು. ಮೂಲೆಗಳ ಬಾಲಕ್ಕೆ ಕೋಮಾ ಕರೆಕ್ಟರ್ ಎಂಬ ಲೆನ್ಸ್ ಬೇಕೇ ಬೇಕು, ಅದರಿಂದ ಸೆನ್ಸರ್‌ಗೆ ಇರುವ ದೂರವೂ ಸರಿಯಿರಬೇಕು. ಸಾಮಾನ್ಯವಾಗಿ ಅದು 55 ಎಂಎಂ. ಕ್ಯಾನನ್ ಡಿಎಸ್‌ಎಲ್‌ಆರ್‌ನ ಒಳಗೇ 44 ಎಂಎಂ ಇದೆ, ಕ್ಯಾಮೆರಾ ಜೋಡಿಸುವ ಟಿ-ರಿಂಗ್ 11 ಸೇರಿದರೆ ಸರಿಯಾಗಿ 55. ಆಸ್ಟ್ರೋ ಕ್ಯಾಮೆರಾ ಹಾಕುವವರು ಸ್ಪೇಸರ್ (ನಡುವೆ ಹಾಕುವ ಉಂಗುರ) ಲೆಕ್ಕ ಹಾಕಿಕೊಳ್ಳಬೇಕು.

ಅಲುಗಾಟದ ಗುರುತು ಬೇರೆ. ಒಂದೊಂದು ಫೋಟೋದಲ್ಲಿ ಒಂದೊಂದು ದಿಕ್ಕಿಗೆ ಉದ್ದ ಬರುತ್ತದೆ. ಟ್ಯೂಬ್‌ಗೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಲೈವ್ ವ್ಯೂನಲ್ಲಿ ನಕ್ಷತ್ರ ಎಷ್ಟು ಹೊತ್ತು ಕುಣಿಯುತ್ತದೆ ನೋಡಿ. ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಚಿಂತೆಯಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಟ್ರೈಪಾಡ್ ಕಾಲುಗಳನ್ನು ಪೂರ್ತಿ ಒಳಗೆ ತಳ್ಳಿ, ಎಲ್ಲ ಬೋಲ್ಟ್ ಬಿಗಿ ಮಾಡಿ. ಕೌಂಟರ್‌ವೇಟ್ (ಟೆಲಿಸ್ಕೋಪಿನ ಭಾರಕ್ಕೆ ಎದುರು ತೂಕ) ಕಂಬಿಯ ತುದಿಯಲ್ಲಿ ಒಂದೇ ತೂಕ ಇದ್ದರೆ, ಇನ್ನೊಂದು ತೂಕ ಸೇರಿಸಿ ಎರಡನ್ನೂ ಮೌಂಟ್ ಹತ್ತಿರಕ್ಕೆ ತನ್ನಿ. ತೂಕ ಹೆಚ್ಚಿದರೂ ಅಲುಗಾಟ ಕಡಿಮೆಯಾಗುತ್ತದೆ.

ತಾರಸಿ ಮೇಲೆ ಇಡುವವರು ಟ್ರೈಪಾಡ್ ಕಾಲುಗಳನ್ನು ಸ್ಲ್ಯಾಬಿನ ನಡುವೆ ಇಡಬೇಡಿ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ಇಡಿ. ಮನೆಯವರು ಮಹಡಿ ಮೆಟ್ಟಿಲು ಹತ್ತಿದರೂ ಸ್ಲ್ಯಾಬಿನ ನಡುಭಾಗ ಅದುರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಇನ್ನೊಂದು ತೊಂದರೆ. ಹಗಲೆಲ್ಲ ಕಾದ ಸಿಮೆಂಟು ರಾತ್ರಿ ಹೊತ್ತು ಕಳೆದರೂ ಬಿಸಿ ಬಿಡುತ್ತಿರುತ್ತದೆ, ನಕ್ಷತ್ರ ನೀರಿನೊಳಗೆ ಇದ್ದ ಹಾಗೆ ನಡುಗುತ್ತದೆ. ಅದಕ್ಕೆ ಯಾವ ಸ್ಕ್ರೂ ಇಲ್ಲ. ಕಾಯಬೇಕು, ಇಲ್ಲ ಮಣ್ಣಿನ ನೆಲಕ್ಕೆ ಇಳಿಯಬೇಕು.

ಟ್ರ್ಯಾಕಿಂಗ್ ದೋಷವಾದರೆ: ಯಾವ ದಿಕ್ಕಿಗೆ?

ಫೋಟೋದಲ್ಲಿ ಪೂರ್ವ-ಪಶ್ಚಿಮ ಯಾವುದು ಎಂದು ಗೊತ್ತಾಗಬೇಕು. ಸುಲಭದ ಉಪಾಯ ಇದೆ. 15 ಸೆಕೆಂಡಿನ ಎಕ್ಸ್‌ಪೋಷರ್ ಶುರು ಮಾಡಿ. ಮೊದಲ 5 ಸೆಕೆಂಡ್ ಟ್ರ್ಯಾಕಿಂಗ್ ಇರಲಿ, ಆಮೇಲೆ ಟ್ರ್ಯಾಕಿಂಗ್ ನಿಲ್ಲಿಸಿ. ಪ್ರತಿ ನಕ್ಷತ್ರಕ್ಕೂ ಒಂದು ಹೊಳೆಯುವ ಚುಕ್ಕೆ, ಅದರಿಂದ ಹೊರಟ ಒಂದು ಗೆರೆ ಬರುತ್ತದೆ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುವುದರಿಂದ 1000 ಎಂಎಂನಲ್ಲಿ ಆ ಗೆರೆ ಸುಮಾರು 200 ಪಿಕ್ಸೆಲ್ ಉದ್ದ ಇರುತ್ತದೆ. ಗೆರೆ ಹೋದ ಕಡೆ ಪಶ್ಚಿಮ, ಚುಕ್ಕೆ ಇರುವ ಕಡೆ ಪೂರ್ವ. ಈಗ ನಿಮ್ಮ ಕೆಟ್ಟ ಫೋಟೋವನ್ನು ಪಕ್ಕದಲ್ಲಿ ಇಟ್ಟು ನೋಡಿ, ಕ್ಯಾಮೆರಾ ತಿರುಗಿಸಿರಬಾರದು ಅಷ್ಟೆ. ನಕ್ಷತ್ರ ಈ ಗೆರೆಯ ದಿಕ್ಕಿಗೇ ಉದ್ದವಾಗಿದ್ದರೆ ಆರ್‌ಎ (ಪೂರ್ವ-ಪಶ್ಚಿಮಕ್ಕೆ ತಿರುಗುವ ಅಕ್ಷ) ದೋಷ, ಅಂದರೆ ಗೇರು, ಬ್ಯಾಲೆನ್ಸ್. ಗೆರೆಗೆ ಅಡ್ಡವಾಗಿ ಉದ್ದವಾಗಿದ್ದರೆ ಡೆಕ್ (ಉತ್ತರ-ದಕ್ಷಿಣಕ್ಕೆ ತಿರುಗುವ ಅಕ್ಷ) ದೋಷ. ಡೆಕ್ ದೋಷ ಎಂದರೆ ನಮ್ಮ ಊರಿನಲ್ಲಿ ಹೆಚ್ಚುಕಮ್ಮಿ ಯಾವಾಗಲೂ ಪೋಲಾರ್ ಅಲೈನ್‌ಮೆಂಟ್.

ನಮ್ಮೂರಿನ 12 ಡಿಗ್ರಿ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಮೌಂಟ್ ಜೊತೆ ಬರುವ ಪುಸ್ತಕ, ನೋಡುವ ವಿಡಿಯೋ, ಹೆಚ್ಚಿನವು 40, 50 ಡಿಗ್ರಿ ಅಕ್ಷಾಂಶದವರಿಗೆ ಮಾಡಿದವು. ಅವರಿಗೆ ಧ್ರುವ ನಕ್ಷತ್ರ ಆಕಾಶದ ಅರ್ಧ ಎತ್ತರದಲ್ಲಿ ಇರುತ್ತದೆ. ಮೈಸೂರಿನ ಅಕ್ಷಾಂಶ 12 ಡಿಗ್ರಿ 18 ಮಿನಿಟ್, ಮಂಡ್ಯದ್ದು 12 ಡಿಗ್ರಿ 31 ಮಿನಿಟ್. ನಮಗೆ ಧ್ರುವ ಅಷ್ಟೇ ಎತ್ತರದಲ್ಲಿ, ದಿಗಂತಕ್ಕೆ ಅಂಟಿಕೊಂಡ ಹಾಗೆ. ತೆಂಗಿನಮರ, ಪಕ್ಕದ ಮನೆಯ ನೀರಿನ ಟ್ಯಾಂಕ್, ಧೂಳು, ಮಂಜು, ಯಾವುದು ಬೇಕಾದರೂ ಅದನ್ನು ಮುಚ್ಚುತ್ತದೆ. ಜೆ.ಪಿ. ನಗರ, ಶ್ರೀರಾಂಪುರದ ಕಡೆ ಇರುವವರಿಗೆ ಉತ್ತರ ಎಂದರೆ ಇಡೀ ಊರಿನ ಬೆಳಕು. ದಸರಾ ದಿನಗಳಲ್ಲಂತೂ ಆ ಕಡೆ ನೋಡುವ ಹಾಗೇ ಇಲ್ಲ.

ಇದರಿಂದ ಬರುವ ಮೊದಲ ದೋಷ ಮೌಂಟಿನ ಮೈಯದ್ದು. ಧ್ರುವದ ಕಡೆ ತಿರುಗಿದ ಅಕ್ಷ ನಮ್ಮಲ್ಲಿ ನೆಲಕ್ಕೆ ಸಮನಾಗಿ ಮಲಗಿದ ಹಾಗೆ ಇರುತ್ತದೆ. ಟೆಲಿಸ್ಕೋಪ್, ಕೌಂಟರ್‌ವೇಟ್ ಎರಡರ ಭಾರವೂ ಟ್ರೈಪಾಡಿನ ನಡುವಿನಿಂದ ಉತ್ತರಕ್ಕೆ ಚಾಚಿಕೊಂಡಿರುತ್ತದೆ. ಕೌಂಟರ್‌ವೇಟ್ ಕೆಳಗೆ ಬಂದಾಗ ಉತ್ತರದ ಕಾಲಿಗೆ ಬಡಿಯುತ್ತದೆ. ಮೋಟಾರು ಗರ್ ಅನ್ನುತ್ತದೆ, ಹಲ್ಲು ಜಾರುತ್ತದೆ, ಗೋಟು (ಮೌಂಟ್ ತಾನಾಗಿ ನಕ್ಷತ್ರ ಹುಡುಕಿ ತಿರುಗುವುದು) ಪೂರ್ತಿ ತಪ್ಪುತ್ತದೆ. ಇದನ್ನು ಮೋಟಾರ್ ದೋಷ ಅಂದುಕೊಂಡವರನ್ನು ನೋಡಿದ್ದೇನೆ. ಕತ್ತಲಲ್ಲಿ ಗೊತ್ತಾಗುವುದಿಲ್ಲ. ಹಗಲಿನಲ್ಲಿ ಕ್ಲಚ್ ಸಡಿಲಿಸಿ, ಕೈಯಲ್ಲೇ ಎರಡೂ ಅಕ್ಷವನ್ನು ಪೂರ್ತಿ ಸುತ್ತಿಸಿ ನೋಡಿ. ಎಲ್ಲಿ ತಾಗುತ್ತದೆ ಎಂದು ಗುರುತು ಮಾಡಿಕೊಳ್ಳಿ. ಟ್ರೈಪಾಡ್ ಮತ್ತು ಮೌಂಟ್ ನಡುವೆ ಹಾಕುವ ಕುಳ್ಳ ಕಂಬ ಸಿಗುತ್ತದೆ, ಎಕ್ಸ್‌ಟೆನ್ಷನ್ ಪಿಯರ್ ಎನ್ನುತ್ತಾರೆ. ಅದನ್ನು ಹಾಕಿದರೆ ಈ ತೊಂದರೆ ಹೋಗುತ್ತದೆ. ನನ್ನ ಕೇಳಿದರೆ ನಮ್ಮ ಊರಿನವರು ಮೌಂಟ್ ಜೊತೆಗೇ ಅದನ್ನು ಕೊಳ್ಳಬೇಕು. ಅಜಿಮತ್ ಗೂಟವನ್ನು (ಮೌಂಟನ್ನು ಎಡಬಲ ಹೊಂದಿಸುವ ಬೋಲ್ಟ್‌ಗಳು ಒತ್ತುವ ಗೂಟ) ಬೇರೆ ತೂತಿಗೆ ಹಾಕಲು ಬರುವ ಟ್ರೈಪಾಡ್ ಆದರೆ, ಉತ್ತರಕ್ಕೆ ಒಂದು ಕಾಲಿನ ಬದಲು ಎರಡು ಕಾಲಿನ ನಡುವಿನ ಸಂದು ಬರುವ ಹಾಗೆ ತಿರುಗಿಸಿದರೂ ಆಗುತ್ತದೆ. ಆದರೆ ಆಗ ಉತ್ತರಕ್ಕೆ ಮಗುಚುವ ಭಯ ಜಾಸ್ತಿ, ಕಾಲುಗಳನ್ನು ಪೂರ್ತಿ ಅಗಲಿಸಿ.

ಎರಡನೆಯದು, ನಿಮ್ಮ ಮೌಂಟ್ 12 ಡಿಗ್ರಿಗೆ ಇಳಿಯುತ್ತದೆಯೇ? ಕೆಲವು 10ಕ್ಕೆ ಇಳಿಯುತ್ತವೆ, ಕೆಲವು 20ಕ್ಕೇ ನಿಲ್ಲುತ್ತವೆ. ಎರಡು ಮೂರು ಡಿಗ್ರಿ ಕಮ್ಮಿ ಬಿದ್ದರೆ ದಕ್ಷಿಣದ ಕಾಲುಗಳನ್ನು ಸ್ವಲ್ಪ ಎತ್ತರಿಸಿ ಇಡೀ ಮೌಂಟನ್ನು ಉತ್ತರಕ್ಕೆ ಬಾಗಿಸಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಆ ಮೌಂಟ್ ನಮ್ಮೂರಿಗೆ ಬೇಡ. ಎತ್ತರ ಹೊಂದಿಸುವ ಬೋಲ್ಟ್‌ಗಳ ಮೇಲೂ ಇಲ್ಲಿ ಭಾರ ಜಾಸ್ತಿ. ಟೆಲಿಸ್ಕೋಪ್ ಹೊತ್ತಿರುವಾಗ ಅವನ್ನು ಬಲವಂತವಾಗಿ ತಿರುಗಿಸಿದರೆ ಬಾಗುತ್ತವೆ. ಒಂದು ಕೈಯಲ್ಲಿ ಭಾರ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಿರುಗಿಸಿ. ಇಲ್ಲದಿದ್ದರೆ ಮೊದಲು ಟ್ಯೂಬ್ ಇಳಿಸಿಬಿಡಿ.

ಮೂರನೆಯದು ಅಲೈನ್‌ಮೆಂಟ್. ಧ್ರುವ ನಕ್ಷತ್ರ ನಿಜವಾದ ಧ್ರುವದಿಂದ ಸುಮಾರು 38 ಆರ್ಕ್‌ಮಿನಿಟ್ (60 ಸೇರಿದರೆ ಒಂದು ಡಿಗ್ರಿ) ದೂರದಲ್ಲಿದೆ. ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಜಾಸ್ತಿ ಆಯಿತು. ಪೋಲಾರ್ ಸ್ಕೋಪಿನ (ಮೌಂಟಿನ ಅಕ್ಷದೊಳಗಿನ ಸಣ್ಣ ದುರ್ಬೀನು) ನಡುವಿಗೆ ಧ್ರುವ ನಕ್ಷತ್ರವನ್ನು ತಂದು ಬಿಟ್ಟವರಿಗೆ ಆಗುವ ನಷ್ಟದ ಲೆಕ್ಕ ನೋಡಿ. ಅಲೈನ್‌ಮೆಂಟ್ 1 ಆರ್ಕ್‌ಮಿನಿಟ್ ತಪ್ಪಿದರೆ ನಕ್ಷತ್ರ ನಿಮಿಷಕ್ಕೆ ಸುಮಾರು ಕಾಲು ಆರ್ಕ್‌ಸೆಕೆಂಡ್ ತನಕ ಸರಿಯಬಹುದು. 38 ತಪ್ಪಿದರೆ ನಿಮಿಷಕ್ಕೆ 10. ನಮ್ಮ 8 ಇಂಚಿನಲ್ಲಿ ಅದು 13 ಪಿಕ್ಸೆಲ್. ಆದ್ದರಿಂದ ಧ್ರುವ ನಕ್ಷತ್ರವನ್ನು ಪೋಲಾರ್ ಸ್ಕೋಪಿನ ವೃತ್ತದ ಮೇಲೆ, ಆ ಹೊತ್ತಿಗೆ ಸರಿಯಾದ ಜಾಗದಲ್ಲಿ ಕೂರಿಸಬೇಕು. ಮೊಬೈಲ್ ಆ್ಯಪ್ ಆ ಜಾಗ ತೋರಿಸುತ್ತದೆ. ಹಳೇ ಮೌಂಟಿನ ತಾರೀಕು-ಗಂಟೆಯ ಉಂಗುರ ಬಳಸುವವರು ಒಂದನ್ನು ಮರೆಯಬಾರದು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮೈಸೂರು ಇರುವುದು 76.65ರಲ್ಲಿ. ಇಲ್ಲಿಯ ನಿಜವಾದ ಹೊತ್ತು ಗಡಿಯಾರಕ್ಕಿಂತ ಸುಮಾರು 23 ನಿಮಿಷ ಹಿಂದೆ. ಇನ್ನೊಂದು ಸಣ್ಣ ವಿಷಯ, ಇಷ್ಟು ಕೆಳಗೆ ಗಾಳಿಯ ಪದರ ಬೆಳಕನ್ನು ಬಗ್ಗಿಸಿ ಧ್ರುವವನ್ನು ನಾಲ್ಕು ಆರ್ಕ್‌ಮಿನಿಟ್‌ಗಿಂತ ಸ್ವಲ್ಪ ಜಾಸ್ತಿಯೇ ಮೇಲೆ ತೋರಿಸುತ್ತದೆ. ಸಾಫ್ಟ್‌ವೇರಿನಲ್ಲಿ ರಿಫ್ರಾಕ್ಷನ್ ಆಯ್ಕೆ ಇದ್ದರೆ ಆನ್ ಮಾಡಿ.

ಧ್ರುವ ಕಾಣುವುದೇ ಇಲ್ಲವಾ? ಹಾಗಿದ್ದರೂ ಆಗುತ್ತದೆ. ಶಾರ್ಪ್‌ಕ್ಯಾಪ್ ಎಂಬ ಸಾಫ್ಟ್‌ವೇರಿನ ವಿಧಾನಕ್ಕೆ ಧ್ರುವದ ಸುತ್ತಲಿನ ಆಕಾಶ ಕಾಣಬೇಕು. ಎನ್‌ಐಎನ್‌ಎ ಸಾಫ್ಟ್‌ವೇರಿನ ಮೂರು-ಬಿಂದು ವಿಧಾನಕ್ಕೆ ಬೇಡ, ಆಕಾಶದ ಯಾವ ಭಾಗದಿಂದಲೂ ಮಾಡಬಹುದು. ಲ್ಯಾಪ್‌ಟಾಪ್ ಇಲ್ಲದವರಿಗೆ ಹಳೆಯ ಡ್ರಿಫ್ಟ್ ವಿಧಾನ ಇದೆ. ನನಗೆ ಈಗಲೂ ಇದರ ಮೇಲೇ ಹೆಚ್ಚು ನಂಬಿಕೆ, ಏಕೆಂದರೆ ಇದು ನಕ್ಷತ್ರವನ್ನೇ ಕೇಳಿ ತಿಳಿದುಕೊಳ್ಳುವ ವಿಧಾನ.

ಫೆಬ್ರವರಿ ಮಧ್ಯದ ಒಂದು ರಾತ್ರಿ ಎಂದಿಟ್ಟುಕೊಳ್ಳಿ. ಎಂಟು ಕಾಲರ ಹೊತ್ತಿಗೆ ಮಹಾವ್ಯಾಧನ (ಓರಿಯನ್) ಸೊಂಟದ ಮೂರು ನಕ್ಷತ್ರಗಳು ನೆತ್ತಿಗಿಂತ ಸ್ವಲ್ಪ ದಕ್ಷಿಣಕ್ಕೆ, ಉತ್ತರ-ದಕ್ಷಿಣ ಗೆರೆಯ ಮೇಲೆ ಇರುತ್ತವೆ. ಅವುಗಳಲ್ಲಿ ಪಶ್ಚಿಮ ತುದಿಯದು ಮಿಂಟಕ. ಅದು ಆಕಾಶದ ಸಮಭಾಜಕಕ್ಕೆ (ಭೂಮಿಯ ಸಮಭಾಜಕದ ನೇರ ಮೇಲಿನ ಗೆರೆ) ಬಲು ಹತ್ತಿರ. ಅದನ್ನು ಗೆರೆ ಇರುವ ಐಪೀಸಿನ ನಡುವೆ ತಂದು, ಗೈಡಿಂಗ್ ಇಲ್ಲದೆ ಐದು ನಿಮಿಷ ನೋಡಿ. ಪೂರ್ವ-ಪಶ್ಚಿಮದ ಓಡಾಟ ಬಿಟ್ಟುಬಿಡಿ. ಉತ್ತರ-ದಕ್ಷಿಣ ಮಾತ್ರ ಗಮನಿಸಿ. ಐಪೀಸಿನಲ್ಲಿ ದಕ್ಷಿಣ ಯಾವುದು ಎಂದು ತಿಳಿಯಲು ಟ್ಯೂಬನ್ನು ಧ್ರುವದ ಕಡೆಗೆ ಒಂಚೂರು ತಳ್ಳಿ. ನಕ್ಷತ್ರ ಸರಿದ ಕಡೆ ದಕ್ಷಿಣ. ಮಿಂಟಕ ದಕ್ಷಿಣಕ್ಕೆ ಸರಿದರೆ ಮೌಂಟಿನ ಅಕ್ಷ ಧ್ರುವಕ್ಕಿಂತ ಪೂರ್ವಕ್ಕೆ ತಿರುಗಿದೆ, ಪಶ್ಚಿಮಕ್ಕೆ ತಿರುಗಿಸಿ. ಉತ್ತರಕ್ಕೆ ಸರಿದರೆ ಅದರ ಉಲ್ಟಾ. ಇದು ನಿಂತ ಮೇಲೆ ಪೂರ್ವದಲ್ಲಿ 25, 30 ಡಿಗ್ರಿ ಎತ್ತರದಲ್ಲಿರುವ ನಕ್ಷತ್ರ ಹಿಡಿಯಿರಿ. ಅದೇ ಹೊತ್ತಿಗೆ ಅಲ್ಫಾರ್ಡ್ ಎಂಬ ನಕ್ಷತ್ರ ಸರಿಯಾಗಿ ಸಿಗುತ್ತದೆ. ಅದು ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಾಗಿದೆ, ಎತ್ತಿ. ಉತ್ತರಕ್ಕೆ ಸರಿದರೆ ಇಳಿಸಿ. ಎರಡನ್ನೂ ಒಂದೆರಡು ಸಲ ತಿರುಗಿ ಮಾಡಿದರೆ ಐದು ನಿಮಿಷ ನಕ್ಷತ್ರ ಗೆರೆ ಬಿಟ್ಟು ಕದಲುವುದಿಲ್ಲ.

ಒಂದು ಸಲ ಸರಿಮಾಡಿದ್ದು ನಡುರಾತ್ರಿಗೆ ಮತ್ತೆ ತಪ್ಪಿದರೆ ನೆಲ ನೋಡಿ. ಮಂಡ್ಯದ ಕಡೆ ನಾಲೆ ನೀರು ಹರಿದ ಗದ್ದೆ ಬಯಲಿನಲ್ಲಿ ಮೇಲೆ ಒಣಗಿದ್ದರೂ ಒಳಗೆ ಮೆತ್ತಗಿರುತ್ತದೆ. 30, 40 ಕೆಜಿ ಭಾರಕ್ಕೆ ಟ್ರೈಪಾಡ್ ಕಾಲು ನಿಧಾನವಾಗಿ ಇಳಿಯುತ್ತದೆ. ಪ್ರತಿ ಕಾಲಿನ ಕೆಳಗೂ ಒಂದು ಚಪ್ಪಡಿ ಕಲ್ಲು ಹಾಕಿ. ಪಾಂಡವಪುರದ ಗೆಳೆಯರೊಬ್ಬರ ತೋಟದಲ್ಲಿ ಗೈಡಿಂಗ್ ಸೆಟ್ಟಿಂಗ್ ಎಲ್ಲ ಬದಲಿಸಿ ನೋಡಿದ ಮೇಲೆ ಕೊನೆಗೆ ಸರಿಮಾಡಿದ್ದು ಈ ಮೂರು ಕಲ್ಲುಗಳೇ.

ಪೂರ್ವ-ಪಶ್ಚಿಮಕ್ಕೆ ಉದ್ದವಾದರೆ

ಆರ್‌ಎ ಅಕ್ಷವನ್ನು ತಿರುಗಿಸುವುದು ವರ್ಮ್ ಗೇರ್, ಅಂದರೆ ಹಲ್ಲಿನ ಚಕ್ರವನ್ನು ಓಡಿಸುವ ಸ್ಕ್ರೂನಂಥ ಗೇರ್. ಅದು ಪೂರ್ತಿ ಗುಂಡಗೆ ಇರುವುದಿಲ್ಲ. ಹಾಗಾಗಿ ನಕ್ಷತ್ರ ಸ್ವಲ್ಪ ಹಿಂದೆ ಮುಂದೆ ತೂಗುತ್ತದೆ. ಎಲ್ಲ ಮೌಂಟಿನಲ್ಲೂ ಇದು ಇದ್ದೇ ಇರುತ್ತದೆ, ದೋಷ ಎನ್ನುವ ಹಾಗಿಲ್ಲ. ವರ್ಮ್ ಒಂದು ಸುತ್ತು ಬರುವ ಹೊತ್ತು ಗೊತ್ತಿದ್ದರೆ ಅದನ್ನು ಗುರುತಿಸಬಹುದು. 86,164 ಸೆಕೆಂಡನ್ನು (ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ಒಂದು ಸುತ್ತು ಬರುವ ಹೊತ್ತು) ಗೇರಿನ ಹಲ್ಲುಗಳಿಂದ ಭಾಗಿಸಿ. ಇಕ್ಯೂ5 ಮೌಂಟಿಗೆ 144 ಹಲ್ಲು, 598 ಸೆಕೆಂಡ್. ಎಚ್‌ಇಕ್ಯೂ5ಕ್ಕೆ 135, ಅಂದರೆ 638. ಇಕ್ಯೂ6ಕ್ಕೆ 180, ಅಂದರೆ 479. ಗೈಡಿಂಗ್ ಸಾಫ್ಟ್‌ವೇರ್ ಮೌಂಟಿಗೆ ಸೂಚನೆ ಕಳುಹಿಸದೆ, ಸುಮ್ನೆ ನಕ್ಷತ್ರ ನೋಡುವ ಹಾಗೆ ಮಾಡಿ ಅರ್ಧ ಗಂಟೆ ಗ್ರಾಫ್ ಬರೆಸಿ. ಇಷ್ಟೇ ಹೊತ್ತಿಗೊಮ್ಮೆ ನಿಧಾನವಾದ ಅಲೆ ಬಂದರೆ ವರ್ಮಿನದ್ದು. ಗೈಡಿಂಗ್ ಅದನ್ನು ಆರಾಮಾಗಿ ಸರಿಮಾಡುತ್ತದೆ. ಕೆಲವೇ ಸೆಕೆಂಡಿನ ಚೂಪು ಜಿಗಿತಗಳು ಬಂದರೆ ಗೇರಿನಲ್ಲಿ ಕಸ, ಬಿಗಿತ, ಇಲ್ಲ ಬ್ಯಾಲೆನ್ಸ್ ತಪ್ಪು.

ಬ್ಯಾಲೆನ್ಸ್ ಮಾಡುವಾಗ ಕ್ಯಾಮೆರಾ, ಗೈಡ್ ಕ್ಯಾಮೆರಾ, ಡ್ಯೂ ಪಟ್ಟಿ (ಇಬ್ಬನಿ ತಡೆಯುವ ಬಿಸಿ ಪಟ್ಟಿ), ಕೇಬಲ್ ಎಲ್ಲ ಹಾಕಿದ ಮೇಲೇ ಮಾಡಿ. ಆರ್‌ಎನಲ್ಲಿ ಪೂರ್ವದ ಕಡೆ ಒಂಚೂರು ಭಾರ ಜಾಸ್ತಿ ಇರಲಿ. ಆಗ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ನಕ್ಷತ್ರ ಪುಟಿಯುವುದಿಲ್ಲ. ಟೆಲಿಸ್ಕೋಪ್ ನೆತ್ತಿ ದಾಟಿ ಬದಿ ಬದಲಿಸಿದಾಗ ಪೂರ್ವದ ಕಡೆಯೂ ಬದಲಾಗುತ್ತದೆ, ಆಗ ಕೌಂಟರ್‌ವೇಟನ್ನು ಮತ್ತೆ ಸ್ವಲ್ಪ ಸರಿಸಬೇಕು.

ಗ್ರಾಫ್ ಚೆನ್ನಾಗಿದೆ, ಫೋಟೋ ಚೆನ್ನಾಗಿಲ್ಲ

ಪಿಎಚ್‌ಡಿ2 ಎಂಬ ಗೈಡಿಂಗ್ ಸಾಫ್ಟ್‌ವೇರಿನಲ್ಲಿ ಗ್ರಾಫ್ ನೇರವಾಗಿದೆ, ಒಟ್ಟು ಆರ್‌ಎಂಎಸ್ (ಸರಾಸರಿ ತಪ್ಪು) 0.7 ಆರ್ಕ್‌ಸೆಕೆಂಡ್ ತೋರಿಸುತ್ತಿದೆ. ಆದರೂ ಐದು ನಿಮಿಷದ ಫೋಟೋದಲ್ಲಿ ನಕ್ಷತ್ರ ಉದ್ದ. ಇಲ್ಲಿ ಸುಮಾರು ಜನ ದಾರಿ ತಪ್ಪುತ್ತಾರೆ. ಗೈಡ್ ಕ್ಯಾಮೆರಾ ನೋಡುತ್ತಿರುವ ನಕ್ಷತ್ರ ನಿಂತೇ ಇದೆ. ಆದರೆ ಗೈಡ್ ಸ್ಕೋಪ್ ಮತ್ತು ದೊಡ್ಡ ಟ್ಯೂಬ್ ಎರಡೂ ಒಂದೇ ಕಡೆ ನೋಡುತ್ತಿಲ್ಲ, ನಿಧಾನವಾಗಿ ಒಂದರಿಂದ ಒಂದು ಬಾಗುತ್ತಿವೆ. ಇದಕ್ಕೆ ಪರೀಕ್ಷೆ ಸುಲಭ. ಡಿದರಿಂಗ್ (ಫೋಟೋಗಳ ನಡುವೆ ಬೇಕೆಂದೇ ಸ್ವಲ್ಪ ಸರಿಸುವುದು) ಆಫ್ ಮಾಡಿ, 60 ಸೆಕೆಂಡಿನ ಇಪ್ಪತ್ತು ಫೋಟೋ ಸಾಲಾಗಿ ತೆಗೆದು, ಒಂದೇ ನಕ್ಷತ್ರ ಎಲ್ಲಿದೆ ಎಂದು ಮೊದಲ ಮತ್ತು ಕೊನೆಯ ಫೋಟೋದಲ್ಲಿ ನೋಡಿ. ಗ್ರಾಫ್ ನೆಟ್ಟಗಿದ್ದು ನಕ್ಷತ್ರ ಒಂದೇ ದಿಕ್ಕಿಗೆ ಸರಿದಿದ್ದರೆ ಬಾಗುವಿಕೆ ಖಚಿತ.

ಗೈಡ್ ಸ್ಕೋಪಿನ ಉಂಗುರದ ಪ್ಲಾಸ್ಟಿಕ್ ತುದಿಯ ಸ್ಕ್ರೂಗಳು ಮೊದಲ ಅನುಮಾನ. ಅವನ್ನು ತೆಗೆದು ನೇರವಾಗಿ ಬೋಲ್ಟ್ ಹಾಕಿ ಕೂರಿಸಿ. ಫೋಕಸರ್ ಲಾಕ್ ಮಾಡಿ. ಮುಖ್ಯ ಕನ್ನಡಿಯ ಲಾಕ್ ಸ್ಕ್ರೂ ನೋಡಿ. ಜೋತಾಡುವ ಕೇಬಲ್‌ಗಳನ್ನು ಟ್ಯೂಬಿಗೆ ಕಟ್ಟಿ. 1000 ಎಂಎಂ ಮತ್ತು ಅದಕ್ಕಿಂತ ಜಾಸ್ತಿ ಫೋಕಲ್ ಲೆಂಗ್ತ್‌ನವರು ಕೊನೆಗೆ ಆಫ್-ಆಕ್ಸಿಸ್ ಗೈಡರ್‌ಗೆ ಬರುವುದೇ ಸರಿ. ಅದು ದೊಡ್ಡ ಟ್ಯೂಬಿನ ಬೆಳಕನ್ನೇ ನೋಡುವುದರಿಂದ ಬಾಗಿದರೂ ಗೈಡಿಂಗ್‌ಗೆ ಗೊತ್ತಾಗುತ್ತದೆ.

ಟೆಲಿಸ್ಕೋಪ್ ಬದಲಿಸಿದ ಮೇಲೆ ಪಿಎಚ್‌ಡಿ2ರಲ್ಲಿ ಹಳೇ ಕ್ಯಾಲಿಬ್ರೇಷನ್ (ಮೌಂಟ್ ಎಷ್ಟು, ಯಾವ ಕಡೆ ಸರಿಯುತ್ತದೆ ಎಂದು ಸಾಫ್ಟ್‌ವೇರ್ ಅಳೆದಿಟ್ಟಿದ್ದು) ಬಳಸಬೇಡಿ. ಹೊಸ ಪ್ರೊಫೈಲ್ ಮಾಡಿ, ಗೈಡ್ ಸ್ಕೋಪಿನ ಫೋಕಲ್ ಲೆಂಗ್ತ್ ಸರಿಯಾಗಿ ಕೊಡಿ, ಸಮಭಾಜಕದ ಹತ್ತಿರ ಮತ್ತು ಉತ್ತರ-ದಕ್ಷಿಣ ಗೆರೆಯ ಹತ್ತಿರ ಇರುವ ನಕ್ಷತ್ರದಲ್ಲಿ ಕ್ಯಾಲಿಬ್ರೇಟ್ ಮಾಡಿ. ಡೆಕ್ ಮಾತ್ರ ಆಚೆ ಈಚೆ ಹೊಯ್ದಾಡಿದರೆ ಗೇರಿನ ಸಡಿಲ ಕಾರಣ. ಆಗ ಡೆಕ್ ಗೈಡಿಂಗನ್ನು ಒಂದೇ ದಿಕ್ಕಿಗೆ ಇಡಿ, ನಕ್ಷತ್ರ ಸರಿಯುವ ಕಡೆಗೆ ಎದುರಾಗಿ.

ತಿರುಗುವಾಗ ಮೌಂಟ್ ತಾನಾಗೇ ಆಫ್ ಆದರೆ

ಇದು ಕರೆಂಟಿನ ದೋಷ, ಮೌಂಟಿನದಲ್ಲ. ದೊಡ್ಡ ಮೌಂಟ್ ಎರಡೂ ಮೋಟಾರು ಓಡಿಸುವಾಗ ಹೆಚ್ಚು ಆಂಪಿಯರ್ ಎಳೆಯುತ್ತದೆ. ಹಳೇ ಮೌಂಟಿನ ತೆಳ್ಳನೆ ವೈರ್ ಅದಕ್ಕೆ ಸಾಲುವುದಿಲ್ಲ. 0.5 ಚದರ ಎಂಎಂ ವೈರ್ 5 ಮೀಟರ್ ಇದ್ದರೆ, 3 ಆಂಪಿಯರ್ ಹರಿದಾಗ ದಾರಿಯಲ್ಲೇ ಸುಮಾರು 1 ವೋಲ್ಟ್ ಹೋಗುತ್ತದೆ. ಮನೆಗೆ ಹಾಕುವ 2.5 ಚದರ ಎಂಎಂ ವೈರ್ ಆದರೆ 0.2 ಮಾತ್ರ. ಮಲ್ಟಿಮೀಟರನ್ನು ಬ್ಯಾಟರಿಯ ಬಳಿ ಇಡಬೇಡಿ, ಮೌಂಟಿನ ತುದಿಯಲ್ಲಿ ಇಟ್ಟು ಎರಡೂ ಅಕ್ಷ ತಿರುಗುವಾಗ ಅಳೆಯಿರಿ. ಆಗ 11.5 ವೋಲ್ಟಿಗಿಂತ ಕೆಳಗೆ ಇಳಿದರೆ ವೈರ್ ಅಥವಾ ಬ್ಯಾಟರಿ ಬದಲಿಸಿ. ಕಾರಿನ ಲೈಟರ್ ಸಾಕೆಟ್ಟಿಗೆ ಹಾಕುವ ಪ್ಲಗ್ ಸಡಿಲವಾಗುವುದು ಬಲು ಸಾಮಾನ್ಯ. ಹೊಸ ಪ್ಲಗ್ ಹಾಕುವಾಗ ಪ್ಲಸ್ ಮೈನಸ್ ಉಲ್ಟಾ ಆಗದ ಹಾಗೆ ಎರಡು ಸಲ ನೋಡಿ, ಬೋರ್ಡೇ ಸುಟ್ಟುಹೋಗಬಹುದು.

ಮನೆಯ ಕರೆಂಟಿಗೆ ಅಡಾಪ್ಟರ್ ಹಾಕಿ ನಡೆಸುವವರು, ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದ ಅಂತರವನ್ನು ನೆನಪಿಡಿ. ಮನೆಯ ಬಲ್ಬು ಒಮ್ಮೆ ಮಿನುಗುತ್ತದೆ ಅಷ್ಟೆ. ಮೌಂಟ್ ಮಾತ್ರ ರೀಸ್ಟಾರ್ಟ್ ಆಗಿ ಅಲೈನ್‌ಮೆಂಟ್ ಎಲ್ಲ ಮರೆತುಬಿಡುತ್ತದೆ. ಹಳ್ಳಿ ಕಡೆ ರಾತ್ರಿಗೆ ಒಂದೆರಡು ಸಲ ಹೀಗಾಗುವುದು ಮಾಮೂಲಿ. ನೇರವಾಗಿ 12 ವೋಲ್ಟ್ ಬ್ಯಾಟರಿಯಿಂದ ಕೊಟ್ಟರೆ ಈ ರಗಳೆ ಇಲ್ಲ.

ಗೋಟು ಬೇರೆಲ್ಲೋ ಹೋದರೆ

ಕೀಪ್ಯಾಡಿಗೆ ಕೊಟ್ಟ ಮಾಹಿತಿ ನೋಡಿ. ಸುಮಾರು ಕೀಪ್ಯಾಡ್‌ಗಳಲ್ಲಿ ತಿಂಗಳು ಮೊದಲು, ತಾರೀಕು ಆಮೇಲೆ. ಟೈಮ್ ಝೋನ್ +5:30, ಡೇಲೈಟ್ ಸೇವಿಂಗ್ ಬೇಡ. ರೇಖಾಂಶ ಪೂರ್ವ ಇರಬೇಕು: ಮೈಸೂರಿಗೆ 76 ಡಿಗ್ರಿ 39 ಮಿನಿಟ್, ಮಂಡ್ಯಕ್ಕೆ 76 ಡಿಗ್ರಿ 54 ಮಿನಿಟ್. ಫೋನು 12.30 ಎಂದು ತೋರಿಸಿದರೆ ಅದು 12 ಡಿಗ್ರಿ 30 ಮಿನಿಟ್ ಅಲ್ಲ, 12 ಡಿಗ್ರಿ 18 ಮಿನಿಟ್. ಇದೆಲ್ಲ ಸರಿಯಿದ್ದೂ ತಪ್ಪಿದರೆ ಕ್ಲಚ್ ಜಾರುತ್ತಿದೆ, ಇಲ್ಲವೇ ಕೌಂಟರ್‌ವೇಟ್ ಎಲ್ಲೋ ತಾಗಿದೆ.

ನಕ್ಷತ್ರ ಗುಂಡಗಿದೆ, ಆದರೆ ಊದಿಕೊಂಡಿದೆ

ಹೊತ್ತು ಹೋದ ಹಾಗೆ ಎಲ್ಲ ನಕ್ಷತ್ರವೂ ದಪ್ಪ, ಸುತ್ತ ಮಬ್ಬು. ಇದು ಇಬ್ಬನಿ. ಡಿಸೆಂಬರ್, ಜನವರಿಯಲ್ಲಿ ಗದ್ದೆ ಪಕ್ಕ ಇದ್ದರೆ ಬಂದೇ ಬರುತ್ತದೆ. ನ್ಯೂಟೋನಿಯನ್‌ನಲ್ಲಿ ಸಣ್ಣ ಕನ್ನಡಿ, ಗೈಡ್ ಸ್ಕೋಪ್ ಲೆನ್ಸ್ ಎರಡಕ್ಕೂ ಬಿಸಿ ಪಟ್ಟಿ ಹಾಕಿ. ಬಟ್ಟೆಯಿಂದ ಒರೆಸಬೇಡಿ. ಇಬ್ಬನಿ ಇಲ್ಲದಿದ್ದರೆ ಫೋಕಸ್ ಸರಿದಿದೆ, ರಾತ್ರಿ ತಂಪಾದ ಹಾಗೆ ಟ್ಯೂಬ್ ಕುಗ್ಗುತ್ತದೆ. ಗಂಟೆಗೊಮ್ಮೆ ಬಾಟಿನೋವ್ ಮಾಸ್ಕ್ (ಫೋಕಸ್ ಪರೀಕ್ಷಿಸುವ ಸೀಳುಗಳ ಮುಚ್ಚಳ) ಇಟ್ಟು ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಉಳಿದರೆ

ಅಲೈನ್‌ಮೆಂಟ್ ಸರಿ, ಬ್ಯಾಲೆನ್ಸ್ ಸರಿ, ವೋಲ್ಟೇಜ್ ಸರಿ, ಗಾಳಿಯಿಲ್ಲ. ಆದರೂ ಆರ್‌ಎ ಗ್ರಾಫಿನಲ್ಲಿ ಅದೇ ಜಾಗದಲ್ಲಿ ಅದೇ ಜಿಗಿತ ಬರುತ್ತಿದೆ. ಈಗ ಮೌಂಟಿನ ಮೇಲೆ ಅನುಮಾನ ಪಡಬಹುದು. ಇನ್ನೊಂದು ಕೊನೆಯ ಪರೀಕ್ಷೆ ಇದೆ. ಹಳೇ 80 ಎಂಎಂ ಟ್ಯೂಬನ್ನು ಹೊಸ ಮೌಂಟ್ ಮೇಲೆ ಕೂರಿಸಿ, ಅದೇ ಅರ್ಧ ಗಂಟೆಯ ಗ್ರಾಫ್ ಬರೆಸಿ. ಹಗುರ ಟ್ಯೂಬಿಗೆ ಜಿಗಿತ ಹೋದರೆ ಭಾರ ಜಾಸ್ತಿಯಾಗಿದೆ ಎಂದು ಅರ್ಥ. ಹೋಗದಿದ್ದರೆ ಗೇರಿನ ದೋಷ.

ಗ್ಯಾರಂಟಿ ಇರುವಾಗ ಮೌಂಟ್ ಬಿಚ್ಚಿ ಗೇರ್ ಬಿಗಿ ಮಾಡಲು ಹೋಗಬೇಡಿ. ಅಂಗಡಿಯವರಿಗೆ ಬರೆಯುವಾಗ "ಸರಿಯಾಗಿ ಟ್ರ್ಯಾಕ್ ಮಾಡ್ತಿಲ್ಲ" ಎಂದಷ್ಟೇ ಬರೆದರೆ ಅವರಿಗೂ ಏನೂ ಗೊತ್ತಾಗುವುದಿಲ್ಲ. ಪಿಎಚ್‌ಡಿ2ರ ಲಾಗ್ ಫೈಲ್, ಎರಡೂ ಟ್ಯೂಬಿನ ಅರ್ಧ ಗಂಟೆಯ ಗ್ರಾಫ್, ನಾಲ್ಕು ಎಕ್ಸ್‌ಪೋಷರಿನ ಮೂಲ ಫೋಟೋಗಳು, ಒಟ್ಟು ತೂಕ, ಮೌಂಟಿನ ತುದಿಯಲ್ಲಿ ಅಳೆದ ವೋಲ್ಟೇಜ್, ಇಷ್ಟನ್ನೂ ಕಳಿಸಿ. ಜಿಗಿತ ಎಷ್ಟು ಸೆಕೆಂಡಿಗೊಮ್ಮೆ ಬರುತ್ತದೆ ಎಂದು ಬರೆಯಿರಿ. ಆ ಸಂಖ್ಯೆ ವರ್ಮಿನ ಸುತ್ತಿಗೆ ಹೊಂದಿದರೆ ಅವರು ವರ್ಮ್ ಬದಲಿಸಬೇಕು. ಹೊಂದದಿದ್ದರೆ ಬೆಲ್ಟು ಅಥವಾ ಮೋಟಾರಿನ ಸಣ್ಣ ಗೇರು ನೋಡಲು ಹೇಳಿ.